ಚೌಕಿಯಲ್ಲಿ ಆತ ಹೇಳಿದ ಮಾತು

ಆ ದಿನದ ಬಗ್ಗೆ ನಾನು ಧೈರ್ಯದಿಂದ ಹೇಳಬಹುದಾದದ್ದು ಬಹಳ ಕಡಿಮೆ. ಪೊಲೀಸ್ ಚೌಕಿಯ ಕೋಣೆಗೆ ಒಂದೇ ಕಿಟಕಿ ಇತ್ತು ಅಂದುಕೊಂಡಿದ್ದೇನೆ, ಎರಡಿದ್ದರೂ ಇದ್ದಾವು. ಮೇಲೆ ಫ್ಯಾನು ತಿರುಗುತ್ತಿತ್ತು. ಆದರೆ ಆ ಫ್ಯಾನು ನಾನು ಕಂಡ ಬೇರೆ ಯಾವುದೋ ಕಚೇರಿಯದೂ ಆಗಿರಬಹುದು, ನೆನಪು ಅದನ್ನು ಬಿಚ್ಚಿ ತಂದು ಇಲ್ಲಿ ತೂಗುಹಾಕಿರಬಹುದು. ಒಬ್ಬ ಮನುಷ್ಯ ನೆಲದ ಮೇಲೆ ಮೊಣಕಾಲು ಮಡಚಿ ಕೂತಿದ್ದ. ಅವನು ಮಾತಾಡಿದ. ಇಷ್ಟು ನಿಜ. ಅವನು ಮನೆಗೆ ಹೋಗುವುದೋ ಜೈಲಿನಲ್ಲೇ ಉಳಿಯುವುದೋ ಎಂಬುದು ಅವನಾಡಿದ ಆ ಮಾತಿನ ಮೇಲೆ ನಿಂತಿತ್ತು. ಅದನ್ನು ಕಿವಿಯಾರೆ ಕೇಳಿದೆವು ಎಂದು ಸಹಿ ಮಾಡಿದ ಇಬ್ಬರಲ್ಲಿ ನಾನೊಬ್ಬ.

ನಮ್ಮದು ಸೊಲ್ಲಾಪುರದಲ್ಲಿ ನೀರೆತ್ತುವ ಮೋಟಾರು, ಪೈಪು, ಕೇಬಲ್ಲುಗಳ ಅಂಗಡಿ. ನಾನು ಧಾರವಾಡದಲ್ಲಿ ತತ್ತ್ವಶಾಸ್ತ್ರ ಓದಿದೆ, ಪುಣೆಯಲ್ಲಿ ಸಂಶೋಧನೆಗೆ ಸೇರಿ ಅರ್ಧಕ್ಕೆ ಬಿಟ್ಟೆ, ಎರಡು ಕಾಲೇಜುಗಳಲ್ಲಿ ಪಾಠ ಮಾಡಿ ಅವನ್ನೂ ಬಿಟ್ಟೆ. ಈಗ ಹಣದ ಗಲ್ಲೆಯ ಮೇಲೆ ಕಾಕಾ ಕೂಡುತ್ತಾನೆ, ಪಕ್ಕದ ಕುರ್ಚಿಯಲ್ಲಿ ನಾನು. ಕೂತಲ್ಲಿ ಕೂಡಲಾರದೆ, ಹಳ್ಳಿಗೆ ಮಾಲು ಮುಟ್ಟಿಸುವ ನೆಪದಲ್ಲಿ ಟೆಂಪೋ ಹತ್ತಿ ಹೊರಟುಬಿಡುತ್ತೇನೆ. ಮನೆಯಲ್ಲಿ ನಾವು ಆಡುವುದು ಕನ್ನಡ, ಪೇಟೆಯಲ್ಲಿ ಮರಾಠಿ. ಆದರೆ ಯಾವ ಗಳಿಗೆಯಲ್ಲಿ ಒಂದರಿಂದ ಇನ್ನೊಂದಕ್ಕೆ ದಾಟಿದೆವು ಎಂಬುದು ನಮ್ಮಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಮಂದ್ರೂಪದ ಗಿರಾಕಿಗೆ ಮೋಟಾರಿನ ದರ ಮರಾಠಿಯಲ್ಲಿ ಹೇಳಿ, ಅದೇ ಉಸಿರಿನಲ್ಲಿ ಕಬ್ಬು ಹೇಗಿದೆ ಎಂದು ಕನ್ನಡದಲ್ಲಿ ಕೇಳುತ್ತೇವೆ. ಸಂಜೆ ಮನೆಗೆ ಬಂದು ಆ ಮಾತನ್ನೆಲ್ಲ ಮತ್ತೆ ಹೇಳುವಾಗ ಯಾವುದು ಯಾವ ಭಾಷೆಯಲ್ಲಿತ್ತು ಎಂದು ಯಾರೂ ವಿಚಾರಿಸುವುದಿಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು. ನನ್ನ ತಪ್ಪು ಹುಟ್ಟಿದ್ದು ಇಲ್ಲಿಂದಲೇ.

ಅದು ಬೇಸಿಗೆ. ಚಪಳಗಾಂವದ ಒಬ್ಬ ರೈತರಿಗೆ ಮೋಟಾರು ಕೊಟ್ಟು ವಾಪಸು ಬರುತ್ತಿದ್ದೆವು. ರಸ್ತೆಯ ತುದಿಯಲ್ಲಿ ಬಿಸಿಲು ನೀರಿನ ಹಾಗೆ ನಿಂತಿತ್ತು. ಟೆಂಪೋ ಹತ್ತಿರ ಹೋದಷ್ಟೂ ಅದು ಹಿಂದೆ ಸರಿಯುತ್ತಿತ್ತು. ನಾನು ಅರೆನಿದ್ದೆಯಲ್ಲಿದ್ದೆ. ಅಕ್ಕಲಕೋಟ ತಾಲೂಕಿನ ಒಂದು ಸಣ್ಣ ಚೌಕಿಯ ಮುಂದೆ ಪೊಲೀಸನೊಬ್ಬ ಕೈ ಅಡ್ಡ ಹಿಡಿದ. ಕಾಗದಪತ್ರ ಕೇಳಲಿಕ್ಕಲ್ಲ, ಪಂಚರು ಬೇಕಾಗಿದ್ದರು.

ಕಳ್ಳತನದ ಮಾಲು ಹಿಡಿಯುವಾಗ, ಜಾಗದ ಪರಿಶೀಲನೆ ಮಾಡುವಾಗ, ಪೊಲೀಸರು ಹೊರಗಿನ ಇಬ್ಬರನ್ನು ಜೊತೆಗಿಟ್ಟುಕೊಳ್ಳುತ್ತಾರೆ. ನಡೆದದ್ದನ್ನು ಬರೆದ ಕಾಗದ ಪಂಚನಾಮೆ, ಅದಕ್ಕೆ ಸಹಿ ಮಾಡುವವರು ಪಂಚರು. ಮುಂದೆ ಕೋರ್ಟಿನ ತಾರೀಖುಗಳಿಗೆ ಅಲೆಯಬೇಕಾಗುತ್ತದೆಂದು ಜನ ಪೊಲೀಸರ ಕಣ್ಣಿಗೆ ಬೀಳದೆ ತಪ್ಪಿಸಿಕೊಳ್ಳುತ್ತಾರೆ. ವ್ಯಾಪಾರಸ್ಥರಿಗೆ ಅದು ಸಾಧ್ಯವಿಲ್ಲ. ಅದೇ ರಸ್ತೆಯಲ್ಲಿ ನಾಳೆಯೂ ನಮ್ಮ ಗಾಡಿ ಓಡಬೇಕು. ಅದರ ಮೇಲೆ, ಕಳುವಾದದ್ದು ಬಾವಿಯ ಮೋಟಾರು ಮತ್ತು ತಾಮ್ರದ ಕೇಬಲ್ಲು. ನಾನು ಮೋಟಾರು ಮಾರುವವನೆಂದು ತಿಳಿದಾಗ ಕೈ ಅಡ್ಡ ಹಿಡಿದ ಆ ಪೊಲೀಸನಿಗೆ ಆದ ಸಂತೋಷವನ್ನು ಇವತ್ತಿಗೂ ಕಣ್ಣಮುಂದೆ ತಂದುಕೊಳ್ಳಬಲ್ಲೆ. ಅಥವಾ ಹಾಗೆ ಅನಿಸುತ್ತದೆ.

ಅಂದು ಹುಣ್ಣಿಮೆ. ಅಕ್ಕಲಕೋಟದಲ್ಲಿ ಭಕ್ತರ ಗರ್ದಿಯಿದ್ದುದರಿಂದ ಚೌಕಿಯ ಮಿಕ್ಕ ಪೊಲೀಸರೆಲ್ಲ ಬಂದೋಬಸ್ತಿಗೆ ಹೋಗಿದ್ದರು. ಕೋಣೆಯಲ್ಲಿ ಇದ್ದವರು ನಾಲ್ಕು ಜನ: ಬರೆದುಕೊಳ್ಳುವ ಆ ಪೊಲೀಸ, ಹೊರಗೆ ಕಬ್ಬಿನಹಾಲಿನ ಗಾಡಿ ನಿಲ್ಲಿಸಿಕೊಂಡಿದ್ದ ಇನ್ನೊಬ್ಬ ಪಂಚ, ನಾನು, ಮತ್ತು ನೆಲದ ಮೇಲಿದ್ದವನು. ಅವನು ಗಡಿಯಾಚೆಯ ಯಾವುದೋ ಹಳ್ಳಿಯಿಂದ ಬಂದು, ಚಪಳಗಾಂವದ ಕಡೆ ಒಬ್ಬರ ಹೊಲದಲ್ಲಿ ಎಮ್ಮೆ ಕಾಯಲು ನಿಂತು ಆಗ ಎರಡು ತಿಂಗಳಾಗಿತ್ತಂತೆ. ಅವನು ಮಾತಾಡಿದ, ಪೊಲೀಸ ಬರೆದ. ಹೊರಗೆ ಟೆಂಪೋದವನು ಹಾರ್ನ್ ಹೊಡೆಯುತ್ತಿದ್ದ. ಆಮೇಲೆ ಫೌಜದಾರರು ಜೀಪು ತಂದರು, ಹಳ್ಳದ ದಂಡೆಗೆ ಹೋದೆವು. ಜೋಳದ ಕಣಿಕೆಯ ದೊಡ್ಡ ಬಣವೆ, ಅದರ ಹಿಂದೆ ತಾಡಪತ್ರಿಯ ಕೆಳಗೆ ಮೋಟಾರು. ಐದು ಎಚ್‌ಪಿಯದು, ಹೊಟ್ಟೆಯ ಮೇಲೆ ಹಸಿರು ಬಣ್ಣ ಒಂದು ಕಡೆ ಕೆತ್ತಿಹೋಗಿತ್ತು, ಮೂರು ಎಳೆಯ ಚಪ್ಪಟೆ ಕೇಬಲ್ಲು. ಮೋಟಾರನ್ನು ನಾನು ಕಣ್ಣು ಮುಚ್ಚಿ ವರ್ಣಿಸಬಲ್ಲೆ. ಅದನ್ನು ತೋರಿಸಿದವನ ಮುಖ ನೆನಪಿಲ್ಲ.

ಸಹಿ ಮಾಡಿದ್ದು ಜೀಪಿನ ಬಾನೆಟ್ಟಿನ ಮೇಲೆ. ಕಾಗದ ಬಿಸಿಯಾಗಿತ್ತು. ಓದಲಿಲ್ಲ. ಓದುವ ಪದ್ಧತಿಯೂ ಇಲ್ಲ. ಪಂಚರು ಚಹಾ ಕುಡಿಯುತ್ತಾರೆ, ಸಹಿ ಮಾಡುತ್ತಾರೆ, ಮರೆಯುತ್ತಾರೆ. ಯಾವ ವಾಕ್ಯವನ್ನೂ ಪುರಾವೆಯಿಲ್ಲದೆ ನಂಬಬೇಡಿರೆಂದು ಹುಡುಗರಿಗೆ ನಾಲ್ಕು ವರ್ಷ ಪಾಠ ಹೇಳಿದ್ದ ನಾನೂ ಅದನ್ನೇ ಮಾಡಿದೆ.

ಒಂದೂವರೆ ವರ್ಷದ ನಂತರ ಅಂಗಡಿಗೆ ಸಮನ್ಸ್ ಬಂತು. ಅಕ್ಕಲಕೋಟದ ಕೋರ್ಟಿನಲ್ಲಿ ಸಾಕ್ಷಿ ಹೇಳಬೇಕು. ಅಷ್ಟೂ ದಿನ ಆ ಮನುಷ್ಯ ಒಳಗೇ ಇದ್ದ. ಜಾಮೀನು ಮಂಜೂರಾಗಿದ್ದರೂ ಹೊರಗಿನವನಿಗೆ ಈ ಕಡೆ ಜಾಮೀನು ನಿಲ್ಲುವವರು ಸಿಕ್ಕಿರಲಿಲ್ಲ. ಅದು ನನಗೆ ತಿಳಿದದ್ದು ಆಮೇಲೆ. ಸಮನ್ಸ್ ಕೈಯಲ್ಲಿ ಹಿಡಿದು ನಾನು, ಆ ದಿನ ಏನಾಯಿತೆಂದು ಸರಿಯಾಗಿ ನೆನಪಿಲ್ಲ ಎಂದೆ. ಕಾಕಾ ಕನ್ನಡಕದ ಮೇಲಿನಿಂದ ನೋಡಿದ.

"ಸಹಿ ನಿಂದ ಅದನೋ ಇಲ್ಲೋ?"

"ನಂದೇ ಅದ."

"ಮತ್ತ ಮುಗೀತಲ್ಲ. ಕೆಳಗಿನ ಸಹಿ ನಿಂದಾದ್ರ ಮ್ಯಾಲ ಬರದಿದ್ದೂ ನಿಂದೇ. ಬರದಂಗ ಹೇಳಿ, ಊಟದ ಹೊತ್ತಿಗಿ ಬಾ."

"ನೆನಪಿಲ್ದಿದ್ದು ಹ್ಯಾಂಗ ಹೇಳ್ಲಿ ಕಾಕಾ?"

"ನೀ ಓದಿದ್ದೇ ಜಾಸ್ತಿ ಆಗ್ಯದ. ನಾ ಓದಿದ್ದು ಏಳನೇತ್ತಾ, ನಂಗ ಎಲ್ಲಾ ನೆನಪಿರ್ತದ."

ಬಸ್ಸಿನಲ್ಲಿ ಹೋದೆ. ಕಿಟಕಿಗೆ ತಲೆಯಿಟ್ಟು ಆ ಕೋಣೆಯನ್ನು ಕಟ್ಟಲು ನೋಡಿದೆ. ಕಟ್ಟಿದಷ್ಟೂ ಅದು ಬದಲಾಗುತ್ತಿತ್ತು: ಒಮ್ಮೆ ಅವನು ಕಿಟಕಿಯ ಕೆಳಗೆ ಕೂತಿದ್ದ, ಒಮ್ಮೆ ಬಾಗಿಲ ಬಳಿ, ಒಮ್ಮೆ ಅವನ ಜಾಗದಲ್ಲಿ ನಮ್ಮ ಕಾಲೇಜಿನ ಜವಾನ ಕೂತಿದ್ದ. ಅವನ ಬಾಯಿ ಆಡುತ್ತಿತ್ತು, ದನಿ ಮಾತ್ರ ಇರಲಿಲ್ಲ.

ಕೋರ್ಟಿನಲ್ಲಿ ಸರ್ಕಾರಿ ವಕೀಲರು ನನ್ನನ್ನು ಸಣ್ಣ ಕೋಣೆಗೆ ಕರೆದು ಪಂಚನಾಮೆಯ ಪ್ರತಿ ಕೈಗಿತ್ತರು. "ಒಮ್ಮಿ ಓದ್ಕೊಳ್ರಿ. ನಿಮ್ಮಂಥಾ ಸುಶಿಕ್ಷಿತ ಪಂಚ ನಮಗ ವರ್ಷಕ್ಕೊಬ್ಬ ಸಿಗಂಗಿಲ್ಲ. ಹತ್ತು ಮಿನಿಟಿನ ಕೆಲಸ." ಎಲ್ಲ ಸಾಕ್ಷಿಗಳಿಗೂ ಹೀಗೆ ಓದಲು ಕೊಡುತ್ತಾರೆ, ಅದರಲ್ಲಿ ಮೋಸವಿಲ್ಲ. ಕಾಗದ ಶುದ್ಧ ಮರಾಠಿಯಲ್ಲಿತ್ತು. ಅದರ ತಾತ್ಪರ್ಯ: ಕದ್ದ ಮೋಟಾರನ್ನು ನಾನು ಬಣವೆಯ ಹಿಂದೆ ಮುಚ್ಚಿಟ್ಟಿದ್ದೇನೆ, ನನ್ನ ಜೊತೆ ಬಂದರೆ ಆ ಜಾಗ ತೋರಿಸುತ್ತೇನೆ.

ಓದಿ ಮುಗಿಸಿದ್ದೇ ತಡ, ಚೌಕಿಯ ಕೋಣೆಯಲ್ಲಿ ದನಿ ಬಂದುಬಿಟ್ಟಿತು. ನೆಲದ ಮೇಲಿನ ಮನುಷ್ಯ ಸ್ಪಷ್ಟ ಮರಾಠಿಯಲ್ಲಿ, ಒಂದು ಅಕ್ಷರವೂ ತಪ್ಪದೆ, ಆ ವಾಕ್ಯ ಹೇಳುತ್ತಿದ್ದ. ನನಗೆ ಎಷ್ಟು ನಿರಾಳವಾಯಿತೆಂದರೆ ಹೊರಗೆ ಬಂದು ವೆರಾಂಡಾದ ಬೆಂಚಿನ ಮೇಲೆ ಕೂತು ಹತ್ತು ನಿಮಿಷ ಕಣ್ಣು ಮುಚ್ಚಿದೆ. ಮಾಡಿನ ಸಂದಿಯಲ್ಲಿ ಪಾರಿವಾಳಗಳು ಒಂದೇ ಸಮನೆ ಗುಟುರು ಹಾಕುತ್ತಿದ್ದವು. ಪಟ್ಟೇವಾಲಾ, ಅಂದರೆ ಕೋರ್ಟಿನ ಜವಾನ, ಆಗಾಗ ಬಾಗಿಲಿಗೆ ಬಂದು ಯಾರದೋ ಹೆಸರನ್ನು ಎಳೆದೆಳೆದು ಮೂರು ಸಲ ಕೂಗಿ ಒಳಗೆ ಹೋಗುತ್ತಿದ್ದ. ಕರೆಸಿಕೊಂಡವನೊಬ್ಬ ಬಿಸಿಲಿನಿಂದ ಎದ್ದು ಬಂದು ಕತ್ತಲೆಯೊಳಗೆ ಕರಗಿಹೋಗುತ್ತಿದ್ದ.

ಪಕ್ಕದಲ್ಲಿ ಒಬ್ಬ ಹೆಂಗಸು ಊಟದ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ನಾನು ಕೇಳದೆಯೇ ಮಾತು ಶುರುಮಾಡಿದಳು.

"ನಮ್ಮ ಮನಿಯವರ ಕೇಸ್ ಅದರಿ ಅಣ್ಣಾ. ಸೊಲ್ಲಾಪುರದ ಜೇಲಿಂದ ಗಾಡಿ ಬರ್ತದ, ಈಗ ಬರಬಹುದು. ಮೋಟಾರ ಕಳುವಿಂದು."

ನಾನು ಬೆಂಚಿನ ಮೇಲೆ ಸ್ವಲ್ಪ ಸರಿದು ಕೂತೆ.

"ಎಮ್ಮಿ ಕರ ತಪ್ಪಿಸ್ಕೊಂಡಿತ್ರಿ ಆವತ್ತ. ಹುಡುಕ್ಕೋತ ಹಳ್ಳದ ದಂಡಿಗಿ ಹೋದಾಗ ಬಣವಿ ಹಿಂದ ಕಂಡದ. ಮಾಲಕಗ ಹೇಳಾಕ ಅಂಜಿ ಸುಮ್ನಾಗ್ಯಾನ. ಪೊಲೀಸ್ರು ಕೇಳಿದ್ಮ್ಯಾಗ ಹೇಳ್ಯಾನ, ನೋಡೀನಿ ತೋರಸ್ತೀನಿ ಅಂತ. ಹೇಳಿದ್ದೇ ತಪ್ಪಾತು ನೋಡ್ರಿ." ಡಬ್ಬಿ ಸರಿಮಾಡಿಕೊಂಡು ಕೇಳಿದಳು: "ನಿಮ್ಮದೇನರಿ?"

"ಸಾಕ್ಷಿ ಹೇಳಾಕ ಬಂದೀನಿ."

"ಚಲೋ ಆತು ಬಿಡ್ರಿ. ಓದಿದವರು ಕಾಣ್ತೀರಿ."

ಯಾರ ಕೇಸಿನಲ್ಲಿ ಎಂದು ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ. ಅವಳು ಹೇಳಿದ್ದು ಕಟ್ಟುಕತೆಯಾಗಿರಬಹುದು ಎಂಬುದು ನನಗೆ ಬಂದ ಮೊದಲ ಯೋಚನೆ. ಎರಡನೆಯದು, ಒಂದು ಎಮ್ಮೆ ಕರು. ಅದು ಆಗಲೇ ಚೌಕಿಯ ಕೋಣೆಯ ಹೊರಗೆ ಎಲ್ಲೋ ಕೂಗುತ್ತಿತ್ತು. ಹೀಗೆ ನನ್ನ ತಲೆಯಲ್ಲಿ ಸರ್ಕಾರಿ ವಕೀಲರ ಕಾಗದ ಒಂದು ಬದಿಗೆ, ಈ ಹೆಂಗಸಿನ ಕರು ಇನ್ನೊಂದು ಬದಿಗೆ ಬಂದು ಕೂತವು. ನನ್ನದು ಅನ್ನುವಂಥದ್ದು ನಡುವೆ ಎಷ್ಟು ಉಳಿದಿದೆಯೋ ತಿಳಿಯಲಿಲ್ಲ.

ನನ್ನ ಹೆಸರು ಕೂಗಿದಾಗ ನಾನು ಎದ್ದೆ. ಅಷ್ಟರಲ್ಲಿ ಜೈಲಿನ ಗಾಡಿ ಬಂದಿತ್ತು. ಒಳಗೆ ಗೋಡೆಯ ಬಳಿ ಆರೋಪಿ ನಿಂತಿದ್ದ. ಅವನು ಕೈ ಮುಗಿದ. ನನಗೋ, ನ್ಯಾಯಾಧೀಶರಿಗೋ, ಯಾರಿಗೋ. ಮುಖ ಹೊಸದಾಗಿ ಕಂಡಿತು.

ನ್ಯಾಯಾಧೀಶರು ವಯಸ್ಸಿನಲ್ಲಿ ನನಗಿಂತ ಚಿಕ್ಕವರಾದ ಒಬ್ಬ ಹೆಣ್ಣುಮಗಳು, ದೂರದ ಜಿಲ್ಲೆಯಿಂದ ವರ್ಗವಾಗಿ ಬಂದವರು. ಕೋರ್ಟಿನ ಕೆಲಸವೆಲ್ಲ ಮರಾಠಿಯಲ್ಲಿ. ನಾನು ಪ್ರಮಾಣ ಮಾಡಿದೆ. ಸರ್ಕಾರಿ ವಕೀಲರ ಪ್ರಶ್ನೆಗಳಿಗೆ ಉತ್ತರ ಸರಾಗವಾಗಿ ಬಂತು: ಹೌದು, ಚೌಕಿಗೆ ಕರೆದರು, ಹೌದು, ಮೋಟಾರು ಇದೇ, ಹೌದು, ಸಹಿ ನನ್ನದು. ಆರೋಪಿ ಏನು ಹೇಳಿದ ಎಂದು ಕೇಳಿದಾಗ, ಈಗಷ್ಟೇ ಓದಿದ ವಾಕ್ಯ ಹೇಳಿದೆ. ನ್ಯಾಯಾಧೀಶರು ಅದನ್ನು ಟೈಪಿಸ್ಟನಿಗೆ ಹೇಳಿ ಬರೆಸಿದರು. ಸಾಕ್ಷಿ ಮುಗಿದೇಹೋಯಿತು ಅನ್ನುವಷ್ಟು ಸುಲಭವಾಗಿತ್ತು.

ಪೊಲೀಸರೆದುರು ಆರೋಪಿ ಒಪ್ಪಿಕೊಂಡದ್ದನ್ನು ಕಾನೂನು ನಂಬುವುದಿಲ್ಲ. ಆದರೆ ಅವನ ಮಾತಿನಿಂದಲೇ ಮಾಲು ಸಿಕ್ಕರೆ, ಆ ಮಾತಿನ ಅಷ್ಟು ತುಂಡಿಗೆ ಬೆಲೆಯಿದೆ. ಅವನು ಮೋಟಾರು ಕದಿಯುವುದನ್ನು ಕಂಡವರು ಒಬ್ಬರೂ ಇರಲಿಲ್ಲ. ಹಾಗಾಗಿ ಇಡೀ ಕೇಸು ಆ ತುಂಡಿನ ಮೇಲಿತ್ತು: ನಾನು ಮುಚ್ಚಿಟ್ಟಿದ್ದೇನೆ ಎಂದು ಅವನು ಹೇಳಿದನೋ, ಅಲ್ಲಿ ಕಂಡಿದ್ದೇನೆ ಎಂದು ಹೇಳಿದನೋ. ಮುಚ್ಚಿಟ್ಟವನು ಹೇಗೆ ಜಾಗ ತೋರಿಸುತ್ತಾನೋ ಕಂಡವನೂ ಹಾಗೆಯೇ ತೋರಿಸುತ್ತಾನೆ.

ಆರೋಪಿಯ ಪರ ಎದ್ದವರು ಸರ್ಕಾರವೇ ಗೊತ್ತುಮಾಡಿಕೊಟ್ಟ ಒಬ್ಬ ಮುದಿ ವಕೀಲರು. ಕರಿ ಕೋಟಿನ ತೋಳು ಬಣ್ಣಗೆಟ್ಟು ಕಂದಾಗಿತ್ತು. ಪಾಟೀಸವಾಲಿಗೆ ಅವರ ಕೈಯಲ್ಲಿ ಒಂದು ಕಾಗದವೂ ಇರಲಿಲ್ಲ. ತಮ್ಮ ಕಕ್ಷಿದಾರನಿಗೆ ಮರಾಠಿ ಬಾರದು, ಇಲ್ಲಿ ನಡೆಯುವುದು ತಿಳಿಯುತ್ತಿಲ್ಲ, ಪಟ್ಟೇವಾಲಾನಿಂದ ಹೇಳಿಸಬೇಕು ಎಂದು ಮೊದಲು ಕೇಳಿಕೊಂಡರು. ನ್ಯಾಯಾಧೀಶರು ಒಪ್ಪಿದರು. ಪಟ್ಟೇವಾಲಾ ಆರೋಪಿಯ ಕಡೆ ವಾಲಿ, "ಈ ಮಾಲಕ್ರು ಹೇಳಾಕತ್ತಾರ, ನೀ ಮೋಟಾರ ಮುಚ್ಚಿಟ್ಟೀನಿ ಅಂದೀ ಅಂತ" ಎಂದ. ಆ ಮನುಷ್ಯ ತಗ್ಗಿದ ದನಿಯಲ್ಲಿ ಏನೋ ಉದ್ದಕ್ಕೆ ಹೇಳತೊಡಗಿದ. ಪಟ್ಟೇವಾಲಾ ಕೇಳಿಸಿಕೊಂಡು, ನ್ಯಾಯಾಧೀಶರ ಕಡೆ ತಿರುಗಿ, ಮರಾಠಿಯಲ್ಲಿ ಮೂರೇ ಶಬ್ದ ಹೇಳಿದ: ಅವನು ಇಲ್ಲ ಅನ್ನುತ್ತಾನೆ.

ಆ ತಿರುಗುವಿಕೆ ನನ್ನ ಕುತ್ತಿಗೆಗೆ ಗೊತ್ತಿತ್ತು. ಹೇಗೆಂದು ವಿವರಿಸಲಾರೆ. ಎಡಕ್ಕೆ ವಾಲಿ ಕೇಳುವುದು, ಬಲಕ್ಕೆ ತಿರುಗಿ ಹೇಳುವುದು.

"ಚೌಕಿಯಲ್ಲಿ ಅವನು ಯಾವ ಭಾಷೆಯಲ್ಲಿ ಮಾತಾಡಿದ?" ಎಂದು ವಕೀಲರು ಮರಾಠಿಯಲ್ಲಿ ಕೇಳಿದರು.

ಮರಾಠಿ ಎಂದು ಬಾಯಿಗೆ ಬಂದಿತ್ತು. ನನ್ನ ನೆನಪಿನ ದನಿ ಮರಾಠಿಯಲ್ಲೇ ಇತ್ತಲ್ಲ. ಪಾರಿವಾಳದ ಸದ್ದು ಒಳಗೂ ಕೇಳುತ್ತಿತ್ತು, ಫ್ಯಾನು ಅದನ್ನು ನಿಧಾನವಾಗಿ ಕಲಸುತ್ತಿತ್ತು. ನ್ಯಾಯಾಧೀಶರು, ಪ್ರಶ್ನೆ ತಿಳಿಯಿತೇ ಎಂದರು.

"ಕನ್ನಡದಲ್ಲಿ" ಎಂದೆ.

"ಬರೆದುಕೊಂಡ ಪೊಲೀಸರಿಗೆ ಕನ್ನಡ ಬರುತ್ತಿತ್ತೇ?"

"ಗೊತ್ತಿಲ್ಲ. ಅವನು ಹೇಳಿದ್ದನ್ನು ನಾನೇ ಮರಾಠಿಯಲ್ಲಿ ಹೇಳಿದೆ ಅನಿಸುತ್ತದೆ."

ಸರ್ಕಾರಿ ವಕೀಲರು ತಲೆ ಎತ್ತಿದರು. ನ್ಯಾಯಾಧೀಶರು ಬರೆಸುವುದನ್ನು ನಿಲ್ಲಿಸಿ, "ಅನಿಸುತ್ತದೆ ಅಂದರೇನು? ಹೇಳಿದಿರೋ ಇಲ್ಲವೋ?" ಎಂದರು.

"ಹೇಳಿದೆ."

"ಅವನು ಹೇಳಿದ್ದನ್ನೆಲ್ಲ ಹೇಳಿದಿರಾ?" ಮುದಿ ವಕೀಲರು ಮುಂದುವರಿಸಿದರು.

ಕರುವಿನ ವಿಷಯ ನಾಲಿಗೆಯ ತುದಿಗೆ ಬಂದು ನಿಂತಿತು. ಅವನ ಕನ್ನಡದಲ್ಲೇ, ಅವನ ದನಿಯಲ್ಲೇ. ಆದರೆ ಆ ದನಿ ಅವನ ಹೆಂಡತಿಯ ಬಾಯಿಂದ ಬಂದು ಇನ್ನೂ ಅರ್ಧ ತಾಸೂ ಆಗಿರಲಿಲ್ಲ. ಅದನ್ನು ನುಂಗಿಕೊಂಡೆ.

"ಇಲ್ಲ. ಅವನು ಬಹಳ ಹೊತ್ತು ಮಾತಾಡಿದ. ನಾನು ಹೇಳಿದ್ದು ಒಂದೇ ಮಾತು, ಜಾಗ ತೋರಿಸುತ್ತಾನಂತೆ ಎಂದು. ಹೊರಗೆ ನಮ್ಮ ಟೆಂಪೋ ಕಾಯುತ್ತಿತ್ತು."

"ಮುಚ್ಚಿಟ್ಟಿದ್ದೇನೆ ಎಂದು ಅವನು ಹೇಳಿದನೇ?"

"ನೆನಪಿಲ್ಲ. ಸ್ವಲ್ಪ ಮುಂಚೆ ಇಲ್ಲಿ ಹೇಳಿದ್ದು ಕಾಗದದಲ್ಲಿ ಓದಿದ್ದು."

ಅಲ್ಲಿಂದ ಮುಂದೆ ಎಲ್ಲ ಬೇಗ ಬೇಗ ಆಯಿತು. ತಾವು ಕರೆದ ಸಾಕ್ಷಿಯೇ ತಿರುಗಿದಾಗ ಅವನನ್ನು ಎದುರಾಳಿಯಂತೆ ಪ್ರಶ್ನಿಸಲು ಸರ್ಕಾರಿ ವಕೀಲರು ಅನುಮತಿ ಪಡೆಯುತ್ತಾರೆ. ನಮ್ಮ ಕಡೆ ಅಂಥವನನ್ನು ಫಿತೂರ ಅನ್ನುತ್ತಾರೆ. ಆ ಅನುಮತಿ ಪಡೆದು ಸರ್ಕಾರಿ ವಕೀಲರು, ಆರೋಪಿಯ ಕಡೆಯವರು ಸಿಕ್ಕಿದ್ದರೇ, ಹೊರಗೆ ಅವನ ಹೆಂಡತಿಯ ಜೊತೆ ಮಾತಾಡಿದಿರೇ ಎಂದು ಕೇಳಿದರು. ಮಾತಾಡಿದೆ ಎಂದೆ. ಅದು ಬರೆಯಲ್ಪಟ್ಟಿತು. ಇಳಿದು ಹೊರಗೆ ಬಂದಾಗ ಅವಳು ನನ್ನನ್ನೇ ನೋಡುತ್ತಿದ್ದಳು. ನಾನು ಯಾರೆಂದು ಈಗ ಅವಳಿಗೆ ಗೊತ್ತಾಗಿತ್ತು, ಏನು ಹೇಳಿದೆನೆಂದು ಗೊತ್ತಾಗಿರಲಿಲ್ಲ. ನಿಲ್ಲದೆ ಬಸ್ ಸ್ಟ್ಯಾಂಡಿಗೆ ನಡೆದೆ.

ಮುದಿ ವಕೀಲರು ಮೂರು ವಾರದ ನಂತರ ಅಂಗಡಿಗೆ ಫೋನ್ ಮಾಡಿದರು. "ಬಿಡುಗಡಿ ಆಗ್ಯಾನ್ರಿ ನಿಮ್ಮ ಮನುಷ್ಯ. ನಿನ್ನಿ ತೀರ್ಪು ಆತು. ಸಂಜಿ ಗಾಡಿಗೇ ಹೆಂಡ್ತಿ ಕರ್ಕೊಂಡು ಊರಿಗಿ ಹೋಗ್ಯಾಳ." ಅವನು ನನ್ನ ಮನುಷ್ಯ ಹೇಗಾದ ಎಂದು ನಾನು ಕೇಳಲಿಲ್ಲ. ಪಂಚನಾಮೆಯ ಮಾತು ಆರೋಪಿಯ ಬಾಯಿಂದ ಬಂದದ್ದೇ ಎಂಬುದು ಸಂಶಯಾಸ್ಪದ, ಸಂಶಯದ ಲಾಭ ಅವನಿಗೆ ಸಲ್ಲಬೇಕು ಎಂದು ತೀರ್ಪಿನಲ್ಲಿ ಬರೆದಿದ್ದರಂತೆ.

ಕಾಕಾ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಗಿರಾಕಿಗಳು ಮಾತಾಡಿದರು. ತಡವಳದ ಒಬ್ಬ ಗೌಡರು ಮೋಟಾರು ಒಯ್ಯಲು ಬಂದವರು, "ಏನ್ರಿ ಫಿತೂರ ಮಾಲಕ್ರ, ಇದಕ್ಕ ಎರಡು ವರ್ಷ ಗ್ಯಾರಂಟಿ ಅಂತೀರಿ. ಸುಟ್ಟು ತಂದಾಗ ನೆನಪಿಲ್ಲ ಅನ್ನಂಗಿಲ್ಲಲ್ಲ?" ಎಂದು ಕೇಳಿ, ಕಾಕಾನನ್ನೂ ನಗಿಸಿಬಿಟ್ಟರು.

ನಗು ಬಂದದ್ದು ಅವರಿಗೆ. ನಾನು ಆ ಕೋಣೆಯೊಳಗೆ ಹೋಗಿ ಬರುವುದು ನಿಲ್ಲಲಿಲ್ಲ. ಈಗ ಅಲ್ಲಿ ನಾನು ಪ್ರತಿ ಸಲವೂ ಎಡಕ್ಕೆ ವಾಲಿ ಬಲಕ್ಕೆ ತಿರುಗುತ್ತೇನೆ, ಬಹಳ ಸ್ಪಷ್ಟವಾಗಿ. ಆ ಸ್ಪಷ್ಟತೆಯೇ ನನಗೆ ಅನುಮಾನ. ಪಟ್ಟೇವಾಲಾನ ಕುತ್ತಿಗೆಯನ್ನು ನೋಡಿ ನನ್ನ ಕುತ್ತಿಗೆ ಅದನ್ನು ಅಲ್ಲೇ ಕಲಿತಿರಬಹುದಲ್ಲ? ಡಬ್ಬಿ ಹಿಡಿದ ಹೆಂಗಸನ್ನು ಕಂಡು ಮರುಗಿದ ಮನಸ್ಸು ಅವಳಿಗೆ ಬೇಕಾದ ನೆನಪನ್ನು ಹೊಲಿದುಕೊಟ್ಟಿರಬಹುದಲ್ಲ? ಹಾಗಿದ್ದರೆ ನಾನು ಪ್ರಮಾಣ ಮಾಡಿ ಹೇಳಿದ್ದು ಸುಳ್ಳು, ಮತ್ತು ಒಬ್ಬ ಕಳ್ಳ ಆ ಸುಳ್ಳಿನ ಮೇಲೆ ಊರು ಸೇರಿದ. ಹಾಗಲ್ಲದಿದ್ದರೆ, ನಾನು ಟೆಂಪೋ ಹಾರ್ನಿಗೆ ಅವಸರಪಟ್ಟು ಆಡದೆ ಬಿಟ್ಟ ಮಾತಿಗಾಗಿ ಒಬ್ಬ ಮನುಷ್ಯ ಒಂದೂವರೆ ವರ್ಷ ಗೋಡೆ ನೋಡಿದ. ಎರಡರಲ್ಲಿ ಯಾವುದು ಎಂದು ತಿಳಿಯದೆ ಮೋಟಾರು ಮಾರುವುದು ನನಗೆ ಕಷ್ಟವಾಯಿತು.

ಕರುವಿನ ಬಗ್ಗೆ ವಿಚಾರಿಸಲು ಚಪಳಗಾಂವಕ್ಕೆ ಹೋದೆ. ಆ ಹೊಲದವರು ಎಮ್ಮೆಗಳನ್ನೆಲ್ಲ ಮಾರಿದ್ದರು. ಕರು ತಪ್ಪಿಸಿಕೊಂಡಿತ್ತೇ ಎಂದರೆ, ಕರುಗಳು ದಿನಾ ತಪ್ಪಿಸಿಕೊಳ್ಳುತ್ತವೆ ಎಂದರು. ಚೌಕಿಗೂ ಹೋದೆ, ಕಿಟಕಿ ಎಣಿಸೋಣವೆಂದು. ಅದನ್ನು ಕೆಡವಿ ಹೊಸದು ಕಟ್ಟಿದ್ದರು. ಕಬ್ಬಿನಹಾಲಿನವನು ಮಾತ್ರ ಮರುಬೇಸಿಗೆಗೆ ಅದೇ ರಸ್ತೆಗೆ ಬಂದಿದ್ದ. ಬೀಡ ಜಿಲ್ಲೆಯವನು. ಆ ದಿನ ಏನಾಯಿತೆಂದು ಕೇಳಿದರೆ, ಗಾಡಿ ಬಿಟ್ಟು ಕೂತದ್ದಕ್ಕೆ ವ್ಯಾಪಾರ ಹಾಳಾಯಿತೆಂದು ಮರಾಠಿಯಲ್ಲಿ ಹೇಳಿದ. ನಾನು ಕನ್ನಡದಲ್ಲಿ ಒಂದು ಲೋಟ ಹಾಲು ಕೇಳಿದೆ. ಅವನು ನನ್ನ ಬಾಯಿ ನೋಡಿಕೊಂಡು ನಿಂತ.

ಉಳಿದವನು ಬರೆದುಕೊಂಡ ಪೊಲೀಸ. ಅವನು ಈಗ ತನ್ನ ಊರಿನ ಕಡೆಗೇ, ಕೊಂಕಣಕ್ಕೆ ವರ್ಗವಾಗಿ ಹೋಗಿದ್ದ. ಮುದಿ ವಕೀಲರು ಎಲ್ಲಿಂದಲೋ ನಂಬರು ಹುಡುಕಿಕೊಟ್ಟರು. ಫೋನಿನಲ್ಲಿ ಹಿಂದೆ ಮಳೆಯ ಸದ್ದಿತ್ತು. ಅವನು ಒರಟಾಗಿ ಮಾತಾಡಲಿಲ್ಲ. ನನ್ನನ್ನು ಮರೆತಿದ್ದ, ಮೋಟಾರನ್ನು ಮರೆತಿರಲಿಲ್ಲ. ಆ ಮಾತನ್ನು ಮರಾಠಿಯಲ್ಲಿ ಯಾರು ಹೇಳಿದರು ಎಂದು ಕೇಳಿದೆ. ಯಾರೋ ಹೇಳಿದರು, ನಾನು ಬರೆಯುವ ರೀತಿಯಲ್ಲಿ ಬರೆದೆ ಎಂದ. ನಿಮಗೆ ಕನ್ನಡ ಬರುತ್ತಿತ್ತೇ ಎಂದೆ. ಅವನು ನಕ್ಕ. ಆ ಚೌಕಿಗೆ ಬಂದು ಆಗ ನಾಲ್ಕನೇ ದಿನವಂತೆ. ಹೋಗುವ ಹೊತ್ತಿಗೆ ‘ಬರ್ರಿ’, ‘ಕೂಡ್ರಿ’ ಎರಡು ಶಬ್ದ ಕಲಿತಿದ್ದನಂತೆ.

ಅವನ ಮಾತನ್ನೂ ನಾನು ಹಾಗೆಯೇ ನಂಬಲಿಲ್ಲ. ಕೇಸಿನ ಕಾಗದಗಳ ನಕಲಿಗೆ ಅರ್ಜಿ ಹಾಕಿ ಅವನ ಸಾಕ್ಷಿಯ ಪ್ರತಿ ತೆಗೆಸಿದೆ. ಚೌಕಿಗೆ ಹಾಜರಾದ ದಿನವನ್ನು ಅವನೇ ಪ್ರಮಾಣದ ಮೇಲೆ ಹೇಳಿದ್ದ. ಎಣಿಸಿದೆ, ಹುಣ್ಣಿಮೆಗೆ ನಾಲ್ಕನೇ ದಿನ. ಅಂದು ಆ ಕೋಣೆಯಲ್ಲಿ ಕನ್ನಡ ತಿಳಿಯುತ್ತಿದ್ದವರು ಇಬ್ಬರೇ. ಅವರಲ್ಲಿ ಮರಾಠಿಯೂ ಬರುತ್ತಿದ್ದವನು ನಾನೊಬ್ಬನೇ.